ಬೊಲಿವಿಯಾದ ‘ಮಾಸ್’ ಐದೇ ವರ್ಷದಲ್ಲಿ ಮಾಸಿದ್ದೇಕೆ?

ಲ್ಯಾಟಿನ್ ಅಮೆರಿಕದ ರಾಜಕಾರಣದ ಬಗ್ಗೆ ನನಗೆ ಆಸಕ್ತಿ ಇದೆಯೆಂದು ಬಲ್ಲವರು ಈಚೆಗೆ ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: 2020ರ ಅಕ್ಟೋಬರಿನಲ್ಲಿ ಶೇ. 55ರಷ್ಟು ಮತ ಪಡೆದು ಗೆದ್ದ ಬೊಲಿವಿಯಾದ ಎಡಪಂಥೀಯ ಮಾಸ್ ಪಕ್ಷ 2025ರ ಆಗಸ್ಟ್ 17ರ ಚುನಾವಣೆಯಲ್ಲಿ ಶೇ. 3.17ಕ್ಕೆ ಕುಸಿದದ್ದು ಹೇಗೆ? ಕೇಳುವವರ ಬಳಿ ಉತ್ತರವೂ ಸಿದ್ಧವಾಗಿರುತ್ತದೆ. ಎಡಪಕ್ಷಗಳ ಒಲವಿನವರಿಗೆ ಇದರಲ್ಲಿ ಅಮೆರಿಕದ ಕೈವಾಡ ಕಾಣುತ್ತದೆ. ಅವರನ್ನು ಒಪ್ಪದವರಿಗೆ ಸಮಾಜವಾದದ ಸಹಜ ದಿವಾಳಿ ಕಾಣುತ್ತದೆ. ಎರಡರಲ್ಲೂ ಅಷ್ಟಿಷ್ಟು ನಿಜವಿರಬಹುದು. ಆದರೆ ಅಷ್ಟರಿಂದ ಪಕ್ಷವೊಂದು 55ರಿಂದ 30ಕ್ಕೆ ಇಳಿದದ್ದನ್ನು ವಿವರಿಸಬಹುದೇ ಹೊರತು ಮೂರಕ್ಕೆ ಇಳಿದದ್ದನ್ನು ವಿವರಿಸಲಾಗದು. ಮೂರಕ್ಕೆ ಇಳಿಯಬೇಕಾದರೆ ಮನೆಯವರೇ ಮನೆಗೆ ಬೆಂಕಿ ಇಟ್ಟಿರಬೇಕು.

ಕಥೆ 1985ರಿಂದ ಆರಂಭವಾಗುತ್ತದೆ. ಆ ವರ್ಷದ ಆಗಸ್ಟಿನಲ್ಲಿ ಅಧ್ಯಕ್ಷ ವಿಕ್ಟರ್ ಪಾಸ್ ಎಸ್ತೆನ್ಸೊರೊ 21060 ಸಂಖ್ಯೆಯ ಸುಗ್ರೀವಾಜ್ಞೆಗೆ ಸಹಿ ಹಾಕಿ ದೇಶದ ಅರ್ಥವ್ಯವಸ್ಥೆಯನ್ನು ಮುಕ್ತ ಮಾರುಕಟ್ಟೆಗೆ ಒಪ್ಪಿಸಿದರು. ಎರಡು ತಿಂಗಳೊಳಗೆ ಜಾಗತಿಕ ತವರದ ಬೆಲೆಯೂ ನೆಲಕಚ್ಚಿತು. ಸರ್ಕಾರಿ ಗಣಿಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಹೊರಬಿದ್ದರು. ಅವರಲ್ಲಿ ಅನೇಕರು ಲಾ ಪಾಸ್ ನಗರದ ನೆತ್ತಿಯ ಮೇಲಿರುವ ಎಲ್ ಆಲ್ಟೊಗೆ ಹೋದರು, ಇನ್ನೂ ಅನೇಕರು ಕೊಚಬಾಂಬಾದ ಕೆಳಗಿನ ಚಪಾರೆ ಎಂಬ ಬಿಸಿಲು ಮಳೆಯ ಕಾಡುಸೀಮೆಗೆ ಇಳಿದು ಕೋಕಾ ಬೆಳೆಯತೊಡಗಿದರು. ಕೋಕಾ ಎಲೆಯನ್ನು ದವಡೆಯಲ್ಲಿಟ್ಟು ರಸ ಹೀರುವುದು ಆಂಡೀಸ್ ಜನರಿಗೆ ನಮ್ಮ ಎಲೆ ಅಡಿಕೆಯಷ್ಟೇ ಹಳೆಯ ರೂಢಿ. ಕೊಕೇನಿನ ಮೂಲವೂ ಅದೇ ಎಲೆಯಾದ್ದರಿಂದ ಅಮೆರಿಕದ ಒತ್ತಾಸೆಯಲ್ಲಿ ಸೈನಿಕರು ಬಂದು ಬೆಳೆ ಕಿತ್ತುಹಾಕುವುದು ಅಲ್ಲಿ ನಿತ್ಯದ ಸಂಗತಿಯಾಯಿತು. ಗಣಿಯಲ್ಲಿ ಸಂಘ ಕಟ್ಟಿ ಪಳಗಿದವರು ಹೊಲದಲ್ಲಿಯೂ ಸಂಘ ಕಟ್ಟಿದರು. ಆ ಆರು ಒಕ್ಕೂಟಗಳ ನಾಯಕನಾಗಿ ಬೆಳೆದವರು ಒರುರೊ ಪ್ರಸ್ಥಭೂಮಿಯ ಬರಕ್ಕೆ ಊರು ಬಿಟ್ಟು ಬಂದಿದ್ದ ಅಯ್ಮಾರಾ ಕುಟುಂಬದ ಎವೊ ಮೊರಾಲೆಸ್.

ಇಲ್ಲಿ ಒಂದು ವಿವರವನ್ನು ಗಮನವಿಟ್ಟು ನೋಡಬೇಕು, ಏಕೆಂದರೆ ಮುಂದಿನದೆಲ್ಲ ಅದರಲ್ಲಿಯೇ ಅಡಗಿದೆ. ಈ ರೈತಸಂಘಗಳಿಗೆ ಬೇಕಾಗಿದ್ದದ್ದು ಪಕ್ಷವಲ್ಲ, ಚುನಾವಣೆಗೆ ನಿಲ್ಲಲು ಒಂದು ಸಲಕರಣೆ. 1995ರಲ್ಲಿ ಅವರು ಕಟ್ಟಿಕೊಂಡದ್ದನ್ನು ‘ರಾಜಕೀಯ ಸಾಧನ’ ಎಂದೇ ಕರೆದರು. ಚುನಾವಣಾ ನ್ಯಾಯಾಲಯ ಅದಕ್ಕೆ ಮಾನ್ಯತೆ ಕೊಡಲಿಲ್ಲವಾದ್ದರಿಂದ ಮೊದಲು ಸಂಯುಕ್ತ ಎಡರಂಗದ ಹೆಸರಿನಲ್ಲಿ ಸ್ಪರ್ಧಿಸಿದರು. ಮೊರಾಲೆಸ್ 1997ರಲ್ಲಿ ಸಂಸತ್ತಿಗೆ ಹೋದದ್ದು ಹಾಗೆ. ಆಮೇಲೆ ಒಳಜಗಳವಾಗಿ ಬೇರೆಯಾದಾಗ, 1999ರಲ್ಲಿ ‘ಸಮಾಜವಾದದತ್ತ ಚಳವಳಿ’ ಎಂಬ, ಹೆಚ್ಚುಕಡಿಮೆ ಖಾಲಿಯಾಗಿದ್ದ ಪಕ್ಷವೊಂದರ ನೋಂದಾಯಿತ ಹೆಸರನ್ನು ಪಡೆದುಕೊಂಡರು. ಆ ಹೆಸರಿನ ಮೊದಲಕ್ಷರಗಳು ಕೂಡಿದರೆ ‘ಮಾಸ್’; ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ‘ಹೆಚ್ಚು’. (ನಮ್ಮ ಭಾಷೆಯಲ್ಲಿ ಅದರ ಅರ್ಥ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.) ತಮಾಷೆಯೆಂದರೆ, ಆ ಖಾಲಿ ಪಕ್ಷ ಒಡೆದು ಬಂದದ್ದು ಸ್ಪೇನಿನ ಫಾಸಿಸ್ಟರನ್ನು ಮಾದರಿಯಾಗಿಟ್ಟುಕೊಂಡು 1937ರಲ್ಲಿ ಹುಟ್ಟಿದ ಬೊಲಿವಿಯನ್ ಫಲಾಂಹೆ ಎಂಬ ಸಂಘಟನೆಯಿಂದ. ಲಕ್ಷಾಂತರ ಮೂಲನಿವಾಸಿ ರೈತರು ಎರಡು ದಶಕ ಹೊತ್ತು ಮೆರೆಸಿದ ನೀಲಿ, ಬಿಳಿ, ಕಪ್ಪು ಬಾವುಟದ ಬಣ್ಣಗಳೂ ಅಲ್ಲಿಂದಲೇ ಬಂದವು. ಹೆಸರು ಸಾಲದ್ದು, ಬಣ್ಣ ಸಾಲದ್ದು. ಸ್ವಂತದ್ದೆಂದರೆ ಸಂಘಗಳು ಮಾತ್ರ.

ಏಳಿಗೆಯ ಕಥೆ ಬಹಳಷ್ಟು ಮಂದಿಗೆ ಗೊತ್ತಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. 2000ದಲ್ಲಿ ಕೊಚಬಾಂಬಾದ ಜನ ನೀರಿನ ಖಾಸಗೀಕರಣವನ್ನು ಬೀದಿಯಲ್ಲಿ ನಿಂತು ಸೋಲಿಸಿದರು. 2002ರ ಚುನಾವಣೆಗೆ ಕೆಲವೇ ದಿನವಿರುವಾಗ ಅಮೆರಿಕದ ರಾಯಭಾರಿ ಮಾನುಯೆಲ್ ರೋಚಾ, ಮೊರಾಲೆಸ್‌ಗೆ ಮತ ಹಾಕಿದರೆ ನೆರವು ನಿಂತೀತೆಂದು ಬಹಿರಂಗವಾಗಿ ಎಚ್ಚರಿಸಿದರು; ಮೊರಾಲೆಸ್ ಮತಗಳಿಕೆ ಏರಿ, ಗೆದ್ದ ಅಭ್ಯರ್ಥಿಗಿಂತ ಶೇ. 2ಕ್ಕೂ ಕಡಿಮೆ ಅಂತರದಲ್ಲಿ ಎರಡನೆಯವರಾದರು. ರೋಚಾ ತನ್ನ ಅತ್ಯುತ್ತಮ ಪ್ರಚಾರಕನೆಂದು ಮೊರಾಲೆಸ್ ಗೇಲಿ ಮಾಡುತ್ತಿದ್ದರು. ಅದೇ ರೋಚಾ ದಶಕಗಳ ಕಾಲ ಕ್ಯೂಬಾದ ಗುಪ್ತಚರನಾಗಿದ್ದರೆಂದು 2023ರಲ್ಲಿ ಬಯಲಾಗಿ, ಮರುವರ್ಷ ತಪ್ಪೊಪ್ಪಿಕೊಂಡು ಹದಿನೈದು ವರ್ಷದ ಶಿಕ್ಷೆಗೆ ಒಳಗಾದರು ಎಂಬುದನ್ನು ಹೇಳಿದರೆ ಅಮೆರಿಕದ ಕೈವಾಡದ ವಾದ ಮಾಡುವ ನನ್ನ ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. 2003ರಲ್ಲಿ ಅನಿಲ ರಫ್ತಿನ ವಿರುದ್ಧ ಎಲ್ ಆಲ್ಟೊ ಎದ್ದಿತು, ಗುಂಡೇಟಿಗೆ ಹಲವು ಮಂದಿ ಸತ್ತರು, ಅಧ್ಯಕ್ಷ ಸಾಂಚೆಸ್ ದೆ ಲೊಸಾದಾ ದೇಶ ಬಿಟ್ಟರು. 2005ರ ಡಿಸೆಂಬರಿನಲ್ಲಿ ಮೊರಾಲೆಸ್ ಶೇ. 53.7 ಮತದೊಂದಿಗೆ ಮೊದಲ ಸುತ್ತಿನಲ್ಲಿಯೇ ಗೆದ್ದರು.

ಮುಂದಿನ ಎಂಟು ಹತ್ತು ವರ್ಷಗಳನ್ನು ಹಗುರವಾಗಿ ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ. 2006ರ ಮೇ 1ರಂದು ಅನಿಲದ ರಾಷ್ಟ್ರೀಕರಣ ಘೋಷಣೆಯಾಯಿತು. ಕಂಪನಿಗಳನ್ನು ಓಡಿಸದೆ, ಅವುಗಳಿಂದ ಸರ್ಕಾರಕ್ಕೆ ಬರುವ ಪಾಲನ್ನು ಹಲವು ಪಟ್ಟು ಏರಿಸಲಾಯಿತು. ಆ ಹಣ ಶಾಲೆಗೆ ಹೋಗುವ ಮಕ್ಕಳಿಗೆ ವರ್ಷಕ್ಕೆ 200 ಬೊಲಿವಿಯಾನೊ (ಅಲ್ಲಿನ ನಾಣ್ಯ) ಆಗಿ, ಮುದುಕರಿಗೆ ಪಿಂಚಣಿಯಾಗಿ ಮನೆಮನೆಗೆ ಹೋಯಿತು. ಸುಮಾರು ಶೇ. 60ರಷ್ಟಿದ್ದ ಬಡತನ ಶೇ. 37ರ ಆಸುಪಾಸಿಗೆ ಇಳಿಯಿತು. 2009ರ ಹೊಸ ಸಂವಿಧಾನ ದೇಶವನ್ನು ‘ಬಹುರಾಷ್ಟ್ರೀಯ ರಾಜ್ಯ’ವೆಂದು ಕರೆದು ಮೂವತ್ತಾರು ಮೂಲನಿವಾಸಿ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು. ಎಷ್ಟೋ ಹೋಟೆಲುಗಳ ಬಾಗಿಲಲ್ಲಿ ತಡೆಯಲ್ಪಡುತ್ತಿದ್ದ ಪೊಯೆರಾ ಲಂಗದ, ಬೌಲರ್ ಟೊಪ್ಪಿಗೆಯ ಮೂಲನಿವಾಸಿ ಹೆಂಗಸರು ಮಂತ್ರಿಗಳಾದರು. 2009ರಲ್ಲಿ ಶೇ. 64, 2014ರಲ್ಲಿ ಶೇ. 61 ಮತ ಬಂದದ್ದು ಬರಿಯ ಪ್ರಚಾರದಿಂದಲ್ಲ.

ಆದರೆ ಅದೇ 2014ರಲ್ಲಿ ಅನಿಲವೂ ಶಿಖರ ಮುಟ್ಟಿತ್ತು. ವರ್ಷಕ್ಕೆ ಸುಮಾರು 600 ಕೋಟಿ ಡಾಲರ್ ತರುತ್ತಿದ್ದ ರಫ್ತು 2023ರ ವೇಳೆಗೆ 200 ಕೋಟಿಯ ಹತ್ತಿರಕ್ಕೆ ಬಂತು, ಏಕೆಂದರೆ ಹಳೆಯ ಬಾವಿಗಳು ಬತ್ತುತ್ತಿದ್ದರೂ ಹೊಸ ನಿಕ್ಷೇಪಗಳ ಶೋಧಕ್ಕೆ ಸಾಕಷ್ಟು ಬಂಡವಾಳ ಹೂಡಿರಲಿಲ್ಲ. 1500 ಕೋಟಿ ಡಾಲರಿನಷ್ಟಿದ್ದ ವಿದೇಶಿ ಮೀಸಲು 200 ಕೋಟಿಗಿಂತ ಕೆಳಗೆ ಹೋಯಿತು. ಇಷ್ಟಾದರೂ ಡಾಲರಿಗೆ 6.96 ಬೊಲಿವಿಯಾನೊ ಎಂಬ 2011ರ ದರವನ್ನೂ, ಲೀಟರಿಗೆ 3.74ರ ಪೆಟ್ರೋಲ್ ಬೆಲೆಯನ್ನೂ ಸರ್ಕಾರ ಹಿಡಿದುಕೊಂಡೇ ಇತ್ತು. 2010ರ ಡಿಸೆಂಬರಿನಲ್ಲಿ ಒಮ್ಮೆ ಇಂಧನದ ಬೆಲೆ ಏರಿಸಲು ಹೋಗಿ, ಸ್ವಂತ ಬೆಂಬಲಿಗರೇ ಬೀದಿಗಿಳಿದಾಗ ಕೆಲವೇ ದಿನಗಳಲ್ಲಿ ಹಿಂದೆಗೆದ ಭಯ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆಮದಿಗೆ ಡಾಲರಿಲ್ಲದೆ ಲಾರಿಗಳು ಡೀಸೆಲ್ ಬಂಕಿನ ಮುಂದೆ ದಿನಗಟ್ಟಲೆ ನಿಂತವು. ಇಂಥ ಸ್ಥಿತಿಯಲ್ಲಿ ಯಾವ ಆಳುವ ಪಕ್ಷವಾದರೂ ಸೋಲುತ್ತದೆ. ನಾನು 30 ಎಂದದ್ದು ಈ ಸೋಲನ್ನು.

ಉಳಿದ ಕುಸಿತಕ್ಕೆ ಕಾರಣ ಬೇರೆ. ಆಂಡೀಸ್‌ನ ಆಯ್ಯು ಎಂಬ ಹಳ್ಳಿ ಸಮುದಾಯಗಳಲ್ಲಿ ಯಜಮಾನಿಕೆ ಸರದಿಯ ಮೇಲೆ ಬರುತ್ತದೆ: ಗಂಡ ಹೆಂಡತಿ ಜೊತೆಯಾಗಿ ಒಂದು ವರ್ಷ ಊರಿನ ಹೊಣೆ ಹೊತ್ತು, ಮರುವರ್ಷ ಪಕ್ಕದ ಮನೆಗೆ ಕೊಡುತ್ತಾರೆ. ಈ ಪದ್ಧತಿಯನ್ನು ಹಾಡಿ ಹೊಗಳಿದ ಪಕ್ಷದ ನೆತ್ತಿಯಲ್ಲಿ ಸರದಿ ಇರಲೇ ಇಲ್ಲ. ಮೊರಾಲೆಸ್ ದೇಶದ ಅಧ್ಯಕ್ಷ, ಪಕ್ಷದ ಅಧ್ಯಕ್ಷ, ಜೊತೆಗೆ ಕೋಕಾ ಬೆಳೆಗಾರರ ಆರು ಒಕ್ಕೂಟಗಳ ಅಧ್ಯಕ್ಷ, ಮೂರೂ ಒಟ್ಟಿಗೆ ಆಗಿದ್ದರು. 2011ರಲ್ಲಿ ಟಿಪ್ನಿಸ್ ಅರಣ್ಯದ ನಡುವೆ ರಸ್ತೆ ಬೇಡವೆಂದು ನಡೆದುಬಂದ ತಗ್ಗುನಾಡಿನ ಮೂಲನಿವಾಸಿಗಳ ಮೇಲೆ ಚಪರಿನಾದಲ್ಲಿ ಪೊಲೀಸರು ಲಾಠಿ ಬೀಸಿದಾಗ ಮೂಲನಿವಾಸಿಗಳ ಎರಡು ದೊಡ್ಡ ಸಂಘಟನೆಗಳು ಪಕ್ಷದಿಂದ ದೂರವಾದವು. ಆ ‘ರಾಜಕೀಯ ಸಾಧನ’ವು ಸಂಘಗಳ ಕೈಯಿಂದ ಅರಮನೆಯ ಕೈಗೆ ಹೋಗಿತ್ತೆಂಬುದು ನನ್ನ ಮಟ್ಟಿಗೆ ಅಂದೇ ಸ್ಪಷ್ಟವಾಗಿತ್ತು. 2016ರ ಫೆಬ್ರವರಿ 21ರಂದು, ನಾಲ್ಕನೆಯ ಸಲ ಸ್ಪರ್ಧಿಸಲು ಸಂವಿಧಾನ ತಿದ್ದಬಹುದೇ ಎಂದು ಜನರನ್ನೇ ಕೇಳಲಾಯಿತು. ಶೇ. 51.3 ಮಂದಿ ಬೇಡವೆಂದರು. ಮರುವರ್ಷ ಸಾಂವಿಧಾನಿಕ ನ್ಯಾಯಾಲಯ, ಮತ್ತೆ ಮತ್ತೆ ಸ್ಪರ್ಧಿಸುವುದು ಮಾನವ ಹಕ್ಕು ಎಂಬ ಅರ್ಥದ ತೀರ್ಪು ಕೊಟ್ಟಿತು! 2019ರ ಚುನಾವಣೆ, ಎಣಿಕೆಯ ಬಗೆಗಿನ ವಿವಾದ, ಸೈನ್ಯದ ‘ಸಲಹೆ’ಯ ಮೇರೆಗೆ ನವೆಂಬರ್ 10ರಂದು ಮೊರಾಲೆಸ್ ರಾಜೀನಾಮೆ, ನಂತರ ಸಕಾಬಾ ಮತ್ತು ಸೆಂಕಾಟಾದಲ್ಲಿ ನಡೆದ ಪ್ರತಿಭಟನಕಾರರ ಹತ್ಯೆಗಳು, ಇವುಗಳ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಅಲ್ಲಿ ನಡೆದದ್ದನ್ನು ಕ್ಷಿಪ್ರಕ್ರಾಂತಿ ಎನ್ನುವವರನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಆ ಬಾಗಿಲನ್ನು ತೆರೆದಿಟ್ಟವರು ಯಾರೆಂದೂ ಕೇಳಬೇಕಾಗುತ್ತದೆ.

2020ರಲ್ಲಿ ಮೊರಾಲೆಸ್ ಇಲ್ಲದೆಯೇ, ಅವರ ಹಣಕಾಸು ಮಂತ್ರಿಯಾಗಿದ್ದ ಲೂಯಿಸ್ ಆರ್ಸೆ ನೇತೃತ್ವದಲ್ಲಿ ಶೇ. 55 ಬಂದದ್ದು ಪಕ್ಷಕ್ಕೆ ಸಿಕ್ಕ ದೊಡ್ಡ ಅವಕಾಶ. ಅದನ್ನು ಮೊರಾಲೆಸ್ ತನ್ನ ಮರಳುವಿಕೆಯ ಅಪ್ಪಣೆಯೆಂದು ಓದಿದರು, ಆರ್ಸೆ ತನ್ನ ಸ್ವಂತ ಗೆಲುವೆಂದು ಓದಿದರು. ಐದು ವರ್ಷ ನಡೆದದ್ದು 2025ರ ಅಭ್ಯರ್ಥಿ ಯಾರೆಂಬ ಒಂದೇ ಜಗಳ. ಸಂಸತ್ತಿನಲ್ಲಿ ಒಂದು ಬಣ ಇನ್ನೊಂದರ ಸಾಲದ ಪ್ರಸ್ತಾವಗಳನ್ನು ತಡೆಯಿತು. ಪ್ರತಿ ರೈತಸಂಘವೂ ಎರಡಾಗಿ, ಒಂದೇ ಹೆಸರಿನ ಸಂಘಕ್ಕೆ ಇಬ್ಬಿಬ್ಬರು ನಾಯಕರು ಹುಟ್ಟಿದರು. ಕೊನೆಗೆ ನ್ಯಾಯಾಲಯ ಪಕ್ಷದ ಹೆಸರನ್ನು ಆರ್ಸೆ ಬಣಕ್ಕೆ ಕೊಟ್ಟಿತು. ಹೆಸರು ಸಿಕ್ಕಿತು, ಜನ ಬರಲಿಲ್ಲ. 2025ರ ಮೇ ತಿಂಗಳಲ್ಲಿ ಆರ್ಸೆ ತಾವೇ ಕಣದಿಂದ ಹಿಂದೆ ಸರಿದು, ಮಂತ್ರಿಯಾಗಿದ್ದ ಎಡುವಾರ್ಡೊ ದೆಲ್ ಕಾಸ್ತಿಯೊ ಅವರನ್ನು ಮುಂದೆ ಬಿಟ್ಟರು.

ಮತದಾನದ ದಿನದ ಒಂದು ದೃಶ್ಯ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆಂದ್ರೋನಿಕೊ ರೊಡ್ರಿಗೆಸ್ ಚಪಾರೆಯ ಕೋಕಾ ಸಂಘದಲ್ಲಿಯೇ ಬೆಳೆದ ತರುಣ, ಸೆನೆಟ್ಟಿನ ಅಧ್ಯಕ್ಷ, ಒಂದು ಕಾಲಕ್ಕೆ ಮೊರಾಲೆಸ್‌ರ ಉತ್ತರಾಧಿಕಾರಿ ಎನಿಸಿಕೊಂಡವರು. ಬೇರೆ ಪಕ್ಷದ ಹೆಸರಿನಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಅವರು ಸ್ವಂತ ಸೀಮೆಯ ಎಂತ್ರೆ ರಿಯೊಸ್‌ನಲ್ಲಿ ಮತ ಹಾಕಲು ಬಂದಾಗ, ದ್ರೋಹಿ ಎಂದು ಕೂಗುತ್ತ ಊರಿನವರೇ ಕಲ್ಲು ತೂರಿದರು. ತಾವೇ ಕಣಕ್ಕಿಳಿಯಲಾಗದ ಮೊರಾಲೆಸ್, ಮತ ಅಸಿಂಧು ಮಾಡಿ ಎಂದು ಕರೆ ಕೊಟ್ಟಿದ್ದರು; ದೇಶದಲ್ಲಿ ಐದರಲ್ಲಿ ಒಂದರಷ್ಟು ಮತಗಳು ಅಸಿಂಧುವಾದವು. ಆಂದ್ರೋನಿಕೊಗೆ ಬಂದದ್ದು ಶೇ. 8ರ ಆಸುಪಾಸು. ಅಸಿಂಧು ಮತ, ಆಂದ್ರೋನಿಕೊ ಮತ, ಮಾಸ್‌ನ ಮೂರು ಕೂಡಿಸಿದರೆ ಮೂವತ್ತಾಗುತ್ತದೆ. ಇದು ಒರಟು ಲೆಕ್ಕ, ಅಸಿಂಧುವೆಲ್ಲ ಅವರದಲ್ಲ. ಆದರೂ ಅದು ಎರಡನೆಯ ಸುತ್ತಿಗೆ ಸಾಲುವಷ್ಟಿತ್ತು. ಎಲ್ ಆಲ್ಟೊದ ಉಳಿದ ಹಳೆಯ ಮತಗಳು ಉಗ್ರ ಬಲಪಂಥಕ್ಕೆ ಹೋಗದೆ, ಮಾಜಿ ಪೊಲೀಸ್ ಕ್ಯಾಪ್ಟನ್ ಒಬ್ಬರನ್ನು ಜೊತೆಗಿಟ್ಟುಕೊಂಡಿದ್ದ ರೊಡ್ರಿಗೊ ಪಾಸ್ ಕಡೆಗೆ ಹರಿದವು. ಅಕ್ಟೋಬರ್ 19ರ ಎರಡನೆಯ ಸುತ್ತಿನಲ್ಲಿ ಗೆದ್ದ ಈ ಪಾಸ್, 1985ರ ಆ ಸುಗ್ರೀವಾಜ್ಞೆಗೆ ಸಹಿ ಹಾಕಿದ ಪಾಸ್ ಎಸ್ತೆನ್ಸೊರೊ ವಂಶದವರೇ.

ಮೊರಾಲೆಸ್ ಚುನಾವಣೆಗೆ ಮೊದಲೇ ಪಕ್ಷ ಬಿಟ್ಟಿದ್ದರು. ಸ್ಪರ್ಧಿಸಲು ನೋಂದಾಯಿತ ಹೆಸರು ಬೇಕಲ್ಲ? 2025ರ ಆರಂಭದಲ್ಲಿ ಒಂದು ಸಣ್ಣ ಪಕ್ಷದ ಜೊತೆ ಒಪ್ಪಂದ ಮಾಡಿಕೊಂಡರು, ಅದು ಮುರಿದ ಮೇಲೆ ಇನ್ನೊಂದರ ಬಾಗಿಲು ತಟ್ಟಿದರು. ಎರಡೂ ಪಕ್ಷಗಳು ಹಿಂದಿನ ಚುನಾವಣೆಯಲ್ಲಿ ಶೇ. 3 ಮುಟ್ಟಿರಲಿಲ್ಲವೆಂದು ಚುನಾವಣಾ ನ್ಯಾಯಾಲಯ ಅವುಗಳ ಮಾನ್ಯತೆಯನ್ನೇ ರದ್ದು ಮಾಡಿತು.