ಬಡವರು ವಿಮೆ ಯಾಕೆ ಮಾಡಿಸಲ್ಲ ಅಂತ ಕೇಳುವವರಿಗೆ

"ಸಂಘದ ಸಾಲಕ್ಕೆ ಸಾಲುಗಟ್ಟಿ ನಿಲ್ತಾರೆ. ಆರೋಗ್ಯ ವಿಮೆ ಮಾಡಿಸಿ ಅಂದ್ರೆ ಮಾತ್ರ ಜಾರಿಕೊಳ್ತಾರೆ. ಯಾಕೆ ಹಾಗೆ?"

ನಾನು ಬಡತನದ ಮೇಲೆ ಸಂಶೋಧನೆ ಮಾಡುತ್ತೇನೆ ಅಂತ ಗೊತ್ತಾದರೆ ಸಾಕು, ಇದೇ ಪ್ರಶ್ನೆ. ಮದುವೆ ಮನೆಯಲ್ಲಿ, ರೈಲಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಿದ್ದಾಗ. ಕೇಳಿದವರೇ ಉತ್ತರವನ್ನೂ ಹೇಳಿಬಿಡುತ್ತಾರೆ: "ತಿಳುವಳಿಕೆ ಇಲ್ಲ ಅಲ್ವಾ, ಪಾಪ." ಆ 'ಪಾಪ' ಕೇಳಿದರೆ ಮೈ ಉರಿಯುತ್ತದೆ. ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಮೊದಲು ನಿಮ್ಮ ಕಥೆ ಹೇಳಿ. ನಿಮ್ಮ ವಿಮೆಯನ್ನು ನೀವೇ ನೋಡಿ ಆರಿಸಿದ್ದಾ? ನನ್ನದು ಕೆಲಸದ ಜೊತೆ ಬಂತು. ಪಾಲಿಸಿ ಕಾಗದವನ್ನು ಇವತ್ತಿನವರೆಗೂ ಓದಿಲ್ಲ. ವಿಮೆ ಬಗ್ಗೆ ಭಾಷಣ ಮಾಡುವ ನಾನೇ ಓದಿಲ್ಲ! ಕಳೆದ ವರ್ಷ ಊಟದ ಪಂಕ್ತಿಯಲ್ಲಿ ಇದೇ ಪ್ರಶ್ನೆ ಕೇಳಿದ ನಮ್ಮ ಭಾವ, ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ತಮ್ಮ ಆಪರೇಷನ್ ಬಿಲ್ಲಿಗೆ ಬಂದಿದ್ದರು. ರೂಮಿನ ಬಾಡಿಗೆ ಜಾಸ್ತಿಯಾಯಿತು ಅಂತ ಕ್ಲೇಮಿನಲ್ಲಿ ಕಾಲು ಭಾಗ ಕತ್ತರಿಸಿದ್ದರಂತೆ. "ಎಲ್ಲಾ ಕಳ್ಳರು" ಅಂದರು. ಭಾವನಿಗೆ ತಿಳುವಳಿಕೆ ಇಲ್ಲ ಅಂತ ಪಂಕ್ತಿಯಲ್ಲಿ ಒಬ್ಬರೂ ಅನ್ನಲಿಲ್ಲ.

ಹಾಗಂತ ಪ್ರಶ್ನೆ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಡವರಿಗೆ ಸಣ್ಣ ಸಾಲ ಕೊಡುವ ಎಸ್‌ಕೆಎಸ್ ಎಂಬ ಮೈಕ್ರೋಫೈನಾನ್ಸ್ ಸಂಸ್ಥೆ, ಮತ್ತೆ ಸಾಲ ಬೇಕಾದರೆ ಆರೋಗ್ಯ ವಿಮೆ ಮಾಡಿಸಲೇಬೇಕು ಅಂತ ನಿಯಮ ಮಾಡಿತ್ತು. ಏನಾಯಿತು ಅಂತ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ರಿಚರ್ಡ್ ಹಾರ್ನ್‌ಬೆಕ್ ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದರು. ನಿಯಮ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ ನೂರಕ್ಕೆ 16 ಜನ ಹೆಚ್ಚಾಗಿ ಸಾಲವನ್ನೇ ಬಿಟ್ಟಿದ್ದರು. ವಿಮೆ ಬೇಡ ಅಂತ ಸಾಲಕ್ಕೇ ಕೈಮುಗಿದರು. ಇದನ್ನೂ ಜನ "ನೋಡಿ, ಎಷ್ಟು ದಡ್ಡರು" ಅಂತಲೇ ಓದುತ್ತಾರೆ. ನನಗೆ ಮಾತ್ರ ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಒಬ್ಬ ಹೆಂಗಸು ನೆನಪಾಗುತ್ತಾಳೆ.

2013ರ ಸುಮಾರು. ಬಡವರಿಗೆ ಅಂತ ಕೇಂದ್ರ ಸರ್ಕಾರ ತಂದಿದ್ದ ಆರೋಗ್ಯ ವಿಮೆ, ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಕಾಲ. 30 ರೂಪಾಯಿ ಕೊಟ್ಟರೆ ಒಂದು ಸ್ಮಾರ್ಟ್ ಕಾರ್ಡ್, ಐದು ಜನರ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗೆ ಚಿಕಿತ್ಸೆ. ಅದೂ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ. ನಾನು ಫಾರಂ ಹಿಡಿದು ಮನೆಮನೆ ತಿರುಗುತ್ತಿದ್ದೆ. ಆಕೆ ಟ್ರಂಕಿನಿಂದ ಕಾರ್ಡ್ ತೆಗೆದಳು. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ, ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟಿದ್ದಳು.

"ಒಯ್ದಿದ್ದೆ ರೀ ಅಕ್ಕಾರ. ಹೆಬ್ಬಟ್ಟು ಹತ್ತವಲ್ದು ಅಂದ್ರು. ಇನ್ನೊಂದು ಬಳ್ಳ ಇಡು, ಇನ್ನೊಂದು ಇಡು ಅಂತ ಹತ್ತೂ ಇಡಿಸಿದ್ರು. ಆಮ್ಯಾಲ ನಾಳಿ ಬಾ ಅಂದ್ರು. ಹೊಟ್ಟಿ ಬ್ಯಾನಿ ನಾಳಿ ತನಕ ತಡೀತದೇನ್ರಿ?"

ಕೈ ಚಾಚಿ ತೋರಿಸಿದಳು. ವರ್ಷವರ್ಷ ತೊಗರಿ ಕೊಯ್ದ ಬೆರಳು, ತುದಿಯಲ್ಲಿ ಗೆರೆಗಳೇ ಕಾಣುತ್ತಿರಲಿಲ್ಲ. ಗಂಡನ ಆಪರೇಷನ್‌ಗೆ ಕೊನೆಗೆ ದುಡ್ಡು ಬಂದದ್ದು ಸಂಘದಿಂದ. ಕಿರಾಣಿ ಅಂಗಡಿಗೆ ಅಂತ ಬರೆಸಿದ್ದಳು.

ನನ್ನ ಫಾರಮಿನಲ್ಲಿದ್ದ ಪ್ರಶ್ನೆ: ವಿಮೆ ಬಗ್ಗೆ ಗೊತ್ತೇ? ಹೌದು, ಇಲ್ಲ. ಹೌದು ಅಂತ ಟಿಕ್ ಹಾಕಿದೆ. ಸಾಲದ ಉದ್ದೇಶ? ಪಾಸ್‌ಬುಕ್ ನೋಡಿ 'ವ್ಯಾಪಾರ' ಅಂತ ಬರೆದೆ. ಹತ್ತು ಬೆರಳಿನ ವಿಷಯ ಬರೆಯಲು ಎಲ್ಲೂ ಜಾಗ ಇರಲಿಲ್ಲ. ಅಂಚಿನಲ್ಲಾದರೂ ಬರೆಯಬಹುದಿತ್ತು. ಬರೆಯಲಿಲ್ಲ, ಇನ್ನೂ ಆರು ಮನೆ ಬಾಕಿ ಇದ್ದವು.

ಹಾಗಾಗಿ ದಯವಿಟ್ಟು ನನ್ನನ್ನು ಬೇರೆ ಪ್ರಶ್ನೆ ಕೇಳಿ. ಕಾರ್ಡ್ ತಗೊಂಡು ಹೋದವರಿಗೆ ಕೌಂಟರಿನಲ್ಲಿ ಏನಾಯಿತು ಅಂತ ಕೇಳಿ. ಇದಕ್ಕಾದರೆ ಹೇಳೋಕೆ ಬೇಕಾದಷ್ಟಿದೆ. ಸಂಶೋಧಕ ಅನೂಪ್ ಮಲಾನಿ ಮತ್ತು ಸಂಗಡಿಗರು 2013ರಿಂದ 2018ರವರೆಗೆ ಕಲಬುರಗಿ, ಮೈಸೂರು ಕಡೆ ಸುಮಾರು 11,000 ಮನೆಗಳಲ್ಲಿ ಇದೇ ಯೋಜನೆಯನ್ನು ಪರೀಕ್ಷಿಸಿದರು. ಬಡತನದ ರೇಖೆಗಿಂತ ಮೇಲಿದ್ದ ಮನೆಗಳು. ಪುಕ್ಕಟೆ ಕೊಟ್ಟಾಗ ನೂರಕ್ಕೆ ಸುಮಾರು 79 ಮನೆಯವರು ತಗೊಂಡರು. ದುಡ್ಡು ಕೊಡಿ ಅಂದಾಗಲೂ ಸುಮಾರು 60 ಮನೆಯವರು ತಗೊಂಡರು. ಜಾರಿಕೊಳ್ಳುವವರು ಎಲ್ಲಿ ಹೋದರು? ಆದರೆ ಬಳಸಲು ಹೋದವರಲ್ಲಿ ಬಹಳಷ್ಟು ಮಂದಿಗೆ ಬಳಸೋಕೇ ಆಗಲಿಲ್ಲ.

ಕೌಂಟರ್ ದಾಟಿಸಿದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 2010ರಲ್ಲಿ ರಾಜ್ಯ ಸರ್ಕಾರ ತಂದ ಆರೋಗ್ಯ ವಿಮೆ, ವಾಜಪೇಯಿ ಆರೋಗ್ಯಶ್ರೀ. ಬಿಪಿಎಲ್ ಕುಟುಂಬಗಳು ಒಂದು ಪೈಸೆ ಕಟ್ಟಬೇಕಿರಲಿಲ್ಲ. ಹಳ್ಳಿ ಕಡೆ ಕ್ಯಾಂಪ್ ಮಾಡಿ, ಹೃದಯ, ಕ್ಯಾನ್ಸರ್‌ನಂಥ ರೋಗ ಇದ್ದವರನ್ನು ಹುಡುಕಿ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು. ಯೋಜನೆ ಇದ್ದ ಮತ್ತು ಇಲ್ಲದ ಅಕ್ಕಪಕ್ಕದ ಹಳ್ಳಿಗಳನ್ನು ಹೋಲಿಸಿದಾಗ, ಬಡ ಕುಟುಂಬಗಳಲ್ಲಿ ಆ ರೋಗಗಳಿಂದ ಸತ್ತವರು ಯೋಜನೆ ಇದ್ದ ಕಡೆ ಶೇ. 64ರಷ್ಟು ಕಡಿಮೆ. ಇದನ್ನು ಮದುವೆ ಮನೆಯಲ್ಲಿ ಯಾರೂ ಕೇಳಲ್ಲ.

ಆಳಂದದ ಆ ಹೆಂಗಸು ನಾನು ಎದ್ದು ಹೊರಟಾಗ ಕಾರ್ಡ್ ತಿರುಗಿಸಿ ನೋಡುತ್ತಾ ಕೇಳಿದಳು: "ಇದನ್ನ ಇಟ್ಕೊಳ್ಳೇನ್ರಿ, ಒಗೀಲೇನ್ರಿ?"

"ಇಟ್ಕೊಂಡಿರ್ರಿ, ಬೇಕಾಗ್ತದೆ" ಅಂದೆ. ರಬ್ಬರ್ ಬ್ಯಾಂಡ್ ಸುತ್ತಿ ಮತ್ತೆ ಟ್ರಂಕಿಗೆ ಹಾಕಿದಳು. 2018ರಲ್ಲಿ ಆ ಯೋಜನೆಯ ಜಾಗಕ್ಕೆ ಆಯುಷ್ಮಾನ್ ಭಾರತ್ ಬಂತು. ಆ ಕಾರ್ಡ್ ಈಗ ನಡೆಯಲ್ಲ.