ಊರು ಕಟ್ಟಿಕೊಟ್ಟ ಲ್ಯಾಬ್

ನಮ್ಮ ಹೈಸ್ಕೂಲಿನ ಅಟಲ್ ಟಿಂಕರಿಂಗ್ ಲ್ಯಾಬ್ ಸರ್ಕಾರದ್ದು ಅಂತ ಬಾಗಿಲ ಮೇಲಿನ ಬೋರ್ಡು ಹೇಳುತ್ತದೆ. ಅದು ನಿಜ. ಆದರೆ ಆ ಬೋರ್ಡು ತೂಗಿರುವ ಗೋಡೆ, ಮೇಲಿನ ಮಾಡು, ಒಳಗಿನ ವೈರಿಂಗ್ ಎಲ್ಲ ಊರಿನವರು ಮಾಡಿದ್ದು. ಈಗ ಅಲ್ಲಿ ಕೂತು ಕಲಿಯುವ ಮಕ್ಕಳಿಗೆ ಇದು ಗೊತ್ತಿರಲಿಕ್ಕಿಲ್ಲ. ಹಾಗಾಗಿ ಸಂಚಿಕೆಗೆ ನೆನಪುಗಳನ್ನು ಬರೆಯಿರಿ ಅಂದಾಗ ನನಗೆ ಬೇರೆ ವಿಷಯ ಹುಡುಕಬೇಕು ಅನ್ನಿಸಲಿಲ್ಲ.

2016ರಲ್ಲಿ ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ ಶಾಲೆಗಳಿಂದ ಅರ್ಜಿ ಕರೆದಿತ್ತು. ಆಯ್ಕೆಯಾದ ಶಾಲೆಗೆ ಒಟ್ಟು 20 ಲಕ್ಷ ರೂಪಾಯಿ. ಲ್ಯಾಬ್ ಮಾಡಿಕೊಳ್ಳಲು 10 ಲಕ್ಷ, ಮುಂದೆ ಐದು ವರ್ಷ ನಡೆಸಲು 10 ಲಕ್ಷ. ತ್ರೀಡಿ ಪ್ರಿಂಟರ್, ಆರ್ಡುಯಿನೊ ಬೋರ್ಡು (ಕೋಡ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಹಲಗೆ), ಸೆನ್ಸರುಗಳು, ರೋಬೋಟ್ ಕಿಟ್ಟು, ಇವನ್ನೆಲ್ಲ ಮಕ್ಕಳೇ ಬಿಚ್ಚಿ ಜೋಡಿಸಿ ಕಲಿಯಬೇಕು. ಆ ಮೊದಲ ಸುತ್ತಿನಲ್ಲಿ ದೇಶದ 13 ಸಾವಿರಕ್ಕೂ ಹೆಚ್ಚು ಶಾಲೆಗಳು ಅರ್ಜಿ ಹಾಕಿದ್ದವು. ಆಯ್ಕೆಯಾದದ್ದು 257.

ನಮ್ಮ ಶಾಲೆ ಆಗ ಅರ್ಜಿಯನ್ನೇ ಹಾಕಲಿಲ್ಲ. ಲ್ಯಾಬಿಗೆ 1500 ಚದರ ಅಡಿ ಜಾಗವನ್ನು ಶಾಲೆಯೇ ಕೊಡಬೇಕಿತ್ತು. ಕರೆಂಟು ಸರಿಯಾಗಿರಬೇಕು, ಇಂಟರ್ನೆಟ್ ಇರಬೇಕು. ನಮ್ಮಲ್ಲಿ ತರಗತಿ ನಡೆಸಲಿಕ್ಕೇ ಕೊಠಡಿ ಸಾಲುತ್ತಿರಲಿಲ್ಲ. ಈ ನಿಯಮದ ಬಗ್ಗೆ ನನಗೆ ಇವತ್ತಿಗೂ ಒಂದು ಬೇಸರ ಇದೆ. ಉಪಕರಣ ಇಡಲು ಜಾಗ ಬೇಕು, ಒಪ್ಪುತ್ತೇನೆ. ಆದರೆ ಜಾಗವೇ ಇಲ್ಲದ ಶಾಲೆಯ ಮಕ್ಕಳಿಗೇ ಇಂಥ ಲ್ಯಾಬ್ ಜಾಸ್ತಿ ಬೇಕು, ಅಲ್ವಾ?

ಮೈದಾನದ ಆಚೆ ಒಂದು ಹಳೇ ಹೆಂಚಿನ ಕಟ್ಟಡ ಇತ್ತು. ಪಕಾಸಿಗೆ ಗೆದ್ದಲು ಹಿಡಿದು, ಒಂದು ಮೂಲೆಯಲ್ಲಿ ಹೆಂಚು ಜಾರಿ, ಮುರಿದ ಬೆಂಚುಗಳನ್ನು ತುಂಬುವ ಜಾಗವಾಗಿತ್ತು. 2017ರಲ್ಲಿ ಮತ್ತೆ ಅರ್ಜಿ ಕರೆದಾಗ ನಮ್ಮ ವಿಜ್ಞಾನದ ಮೇಡಂ ಟೇಪು ಹಿಡಿದು ಅದನ್ನು ಅಳೆದರು. ಟೇಪಿನ ಇನ್ನೊಂದು ತುದಿ ಹಿಡಿದವರು ನಾವು ಒಂಬತ್ತನೇ ತರಗತಿಯವರು. ಜಾಗ ಸಾಕಾಗುತ್ತಿತ್ತು. ಆದರೆ ಆ ಮಾಡಿನ ಕೆಳಗೆ ಕಂಪ್ಯೂಟರ್ ಇಡುವ ಹಾಗಿರಲಿಲ್ಲ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಊರಿನವರನ್ನೂ ಕರೆದರು. ಟಿಂಕರಿಂಗ್ ಅಂದರೆ ಏನು ಅಂತ ಹೆಡ್‌ಮೇಷ್ಟ್ರು ಎಷ್ಟು ಹೇಳಿದರೂ ಯಾರ ಮುಖವೂ ಅರಳಲಿಲ್ಲ. ಆಗ ಮೇಡಂ ಎದ್ದರು. ಎಂಜಿನಿಯರಿಂಗ್ ಓದುತ್ತಿದ್ದ ಹಳೇ ವಿದ್ಯಾರ್ಥಿಯೊಬ್ಬರಿಂದ ಒಂದು ಆರ್ಡುಯಿನೊ ಬೋರ್ಡು, ಒಂದು ಮಳೆ ಸೆನ್ಸರ್ ತರಿಸಿಕೊಂಡಿದ್ದರು. ಸೆನ್ಸರ್ ಅಂದರೆ ಬಿಸ್ಕತ್ತಿನಷ್ಟು ಅಗಲದ ಒಂದು ಹಲಗೆ, ಮೇಲೆ ತಾಮ್ರದ ಗೆರೆಗಳು. ಎರಡು ಗೆರೆಗಳ ನಡುವೆ ನೀರು ಬಿದ್ದರೆ ಕರೆಂಟು ಹರಿಯುತ್ತದೆ, ಬೋರ್ಡಿಗೆ ಅದು ತಿಳಿಯುತ್ತದೆ. ಮೇಡಂ ಚಮಚದಿಂದ ಒಂದು ತೊಟ್ಟು ನೀರು ಬಿಟ್ಟರು. ಬಜರ್ ಕಿರ್ರೆಂದು ಕೂಗಿತು.

ಹಿಂದಿನ ಬೆಂಚಿನಿಂದ ಒಬ್ಬರು ಕೇಳಿದರು: "ಇದನ್ನ ಅಡಿಕೆ ಅಂಗಳದಲ್ಲಿ ಇಡಬಹುದಾ ಮೇಡಂ?"

ಮಲೆನಾಡಿನವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಅಡಿಕೆ ಗೊನೆಗಳ ಕೊಯ್ಲು ಮುಗಿದು, ಸುಲಿದು ಬೇಯಿಸಿದ ಅಡಿಕೆಯನ್ನು ಒಣಗಲು ಹರವಿದ ಮೇಲೆ ಅಕಾಲದ ಮಳೆ ಬಂದರೆ ವರ್ಷದ ದುಡಿಮೆ ಬಣ್ಣ ಕೆಟ್ಟು ಹೋಗುತ್ತದೆ. ರಾತ್ರಿ ಬಂದ ಮಳೆಯಂತೂ ಗೊತ್ತೇ ಆಗುವುದಿಲ್ಲ. "ಇಡಬಹುದು, ಅದನ್ನ ಮಾಡೋದನ್ನೇ ಮಕ್ಕಳು ಇಲ್ಲಿ ಕಲೀತಾರೆ" ಅಂದರು ಮೇಡಂ. ಸಭೆಯ ಧಾಟಿ ಅಲ್ಲಿಂದ ಬದಲಾಯಿತು. ಆಮೇಲೆ ಯಾರೂ ಲ್ಯಾಬ್ ಯಾಕೆ ಅಂತ ಕೇಳಲಿಲ್ಲ. ಮಾಡು ಯಾವಾಗ ಬಿಚ್ಚೋಣ ಅಂತ ಕೇಳಿದರು.

ಒಬ್ಬರು ಮನೆ ಕಟ್ಟಲು ಇಟ್ಟುಕೊಂಡಿದ್ದ ಮರದಲ್ಲಿ ಪಕಾಸು, ರೀಪು ಕೊಟ್ಟರು. ಬಡಗಿ ಆಚಾರ್ರು ಕೂಲಿ ಮುಟ್ಟಲಿಲ್ಲ. "ಮಿಷಿನ್ ಬರೋದು ಆಮೇಲೆ, ಮೊದ್ಲು ಅದ್ರ ಮೇಲೆ ನೀರು ಬೀಳ್ಬಾರ್ದಲ್ಲ" ಅಂತ ಹೇಳಿ ಮಾಡಿನ ಮೇಲೆ ಹತ್ತಿದರು. ಅಪ್ಪಂದಿರು, ಅಣ್ಣಂದಿರು ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸಿದರು. ಹೆಂಚಿಗೆ ಹತ್ತಿದ ಪಾಚಿ ತಿಕ್ಕುವ ಕೆಲಸ ನಮ್ಮದು. ಅಮ್ಮಂದಿರು ಸ್ವಸಹಾಯ ಸಂಘದ ಕಡೆಯಿಂದ ಎಲ್ಲರಿಗೂ ಅವಲಕ್ಕಿ, ಚಹಾ ನೋಡಿಕೊಂಡರು. ಊರಿನ ಎಲೆಕ್ಟ್ರಿಷಿಯನ್ ಅಣ್ಣ ಹೊಸದಾಗಿ ಅರ್ಥಿಂಗ್ ಮಾಡಿ ವೈರಿಂಗ್ ಎಳೆದರು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಅದಕ್ಕೆ ಹಳೇ ವಿದ್ಯಾರ್ಥಿಗಳು ಸೇರಿ ಯುಪಿಎಸ್ ತಂದರು, ಇಂಟರ್ನೆಟ್ ಬಿಲ್ಲನ್ನೂ ತಾವೇ ಕಟ್ಟುತ್ತೇವೆ ಅಂದರು.

ಅರ್ಜಿ ತುಂಬುವುದು ಬೇರೆಯೇ ಕೆಲಸ. ಲ್ಯಾಬಿನಲ್ಲಿ ಏನು ಮಾಡುತ್ತೀರಿ ಅಂತ ಬರೆಯಬೇಕಿತ್ತಲ್ಲ. ಮನೆಯಲ್ಲಿ, ತೋಟದಲ್ಲಿ ಏನು ಕಷ್ಟ ಇದೆ ಅಂತ ಕೇಳಿಕೊಂಡು ಬನ್ನಿ ಅಂತ ಮೇಡಂ ನಮ್ಮನ್ನು ಕಳಿಸಿದರು. ಅಜ್ಜಿ ರಾತ್ರಿ ಎದ್ದರೆ ದೀಪ ತಾನಾಗಿ ಹತ್ತಬೇಕು, ತೋಟದ ಪಂಪು ಫೋನಿನಿಂದಲೇ ಶುರುವಾಗಬೇಕು, ಕಾಡುಹಂದಿ ಬಂದರೆ ಗೊತ್ತಾಗಬೇಕು ಅಂತ ಪಟ್ಟಿ ಬೆಳೆಯಿತು. ನನ್ನ ಮಟ್ಟಿಗೆ ಲ್ಯಾಬ್ ಶುರುವಾದದ್ದು ಆ ವಾರದಲ್ಲೇ. ಒಂದು ಕಷ್ಟವನ್ನು ಕೇಳಿ, ಅದನ್ನು ಬಿಡಿಸಿ ಬರೆಯುವುದನ್ನು ಅಲ್ಲಿವರೆಗೆ ಯಾವ ಪರೀಕ್ಷೆಯೂ ನಮಗೆ ಕೇಳಿರಲಿಲ್ಲ.

ಆಗ ಅಮೆರಿಕದಲ್ಲಿದ್ದ ನಮ್ಮ ಹಳೇ ವಿದ್ಯಾರ್ಥಿಯೊಬ್ಬರು ಅಲ್ಲಿನ ಸ್ಪರ್ಧೆಗಳ ಬಗ್ಗೆ ಹೇಳಿದ್ದು ನೆನಪಿದೆ. 2010ರಲ್ಲಿ ಕೋಲ್ಸ್ ಅನ್ನುವ ಅಂಗಡಿ ಸಂಸ್ಥೆ ಫೇಸ್‌ಬುಕ್‌ನಲ್ಲಿ ಜನರ ಮತ ಪಡೆದು 20 ಶಾಲೆಗಳಿಗೆ ತಲಾ 5 ಲಕ್ಷ ಡಾಲರ್ ಕೊಟ್ಟಿತ್ತಂತೆ. ಊರಿಗೆ ಊರೇ ಕೂತು ಮತ ಹಾಕಿಸುವುದೂ ಕಷ್ಟದ ಕೆಲಸವೇ. ಆದರೆ ಅಲ್ಲಿ ನೆಂಟರು, ಗೆಳೆಯರು ಜಾಸ್ತಿ ಇರುವ ಶಾಲೆಗೆ ಗೆಲ್ಲುವುದು ಸುಲಭ. ನಮ್ಮದು ಮತದ ಸ್ಪರ್ಧೆಯಾಗಿದ್ದರೆ ನಮ್ಮಂಥ ಸಣ್ಣ ಊರು ಎಲ್ಲಿ ಉಳಿಯುತ್ತಿತ್ತು? ಅದಕ್ಕಿಂತ, ಒಂದುವೇಳೆ ಸೋತಿದ್ದರೂ ನಮಗೆ ಸೋರದ ಒಂದು ಕಟ್ಟಡ ಉಳಿಯುತ್ತಿತ್ತು. ಮತಕ್ಕೆ ಆ ಗುಣ ಇಲ್ಲ.

ನಾವು ಸೋಲಲಿಲ್ಲ. ಮುಂದಿನ ವರ್ಷ ಪಟ್ಟಿಯಲ್ಲಿ ನಮ್ಮ ಶಾಲೆಯ ಹೆಸರು ಬಂತು. ಪೆಟ್ಟಿಗೆಗಳು ಬಂದು ಇಳಿದಾಗ ಆಚಾರ್ರು ಮೊದಲು ನೋಡಿದ್ದು ತಮ್ಮ ಮಾಡನ್ನೇ.

ತ್ರೀಡಿ ಪ್ರಿಂಟರ್‌ಗೆ ನಮ್ಮ ಮಳೆಗಾಲ ಒಗ್ಗಲಿಲ್ಲ. ಅದಕ್ಕೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ತಂತಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆಮೇಲೆ ಬಿಸಿಯಾಗುವಾಗ ಚಟಚಟ ಅನ್ನುತ್ತದೆ, ಮಾಡಿದ ವಸ್ತುವಿನ ತುಂಬ ಎಳೆ ಎಳೆ. ಬಿಸಿಯೂಟದ ಅಕ್ಕ ಗಟ್ಟಿ ಮುಚ್ಚಳದ ಒಂದು ಡಬ್ಬಿ ಕೊಟ್ಟರು. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ತಂತಿಯ ಸುರುಳಿಯನ್ನು ಅದರಲ್ಲೇ ಇಟ್ಟೆವು. ಮಳೆ ಗಂಟೆಯನ್ನೂ ಮಾಡಿದೆವು. ಸಭೆಯಲ್ಲಿ ಕೇಳಿದ್ದ ಅವರ ಅಂಗಳದಲ್ಲೇ ಮೊದಲು ಇಟ್ಟದ್ದು. ಬೆಳಗಿನ ಇಬ್ಬನಿಗೂ ಅದು ಕೂಗತೊಡಗಿತು. ಎಷ್ಟು ನೀರಿಗೆ ಕೂಗಬೇಕು ಅಂತ ಕೋಡ್‌ನಲ್ಲಿ ಅಂಕಿ ಬದಲಿಸಿ, ಹಲಗೆಯನ್ನು ಓರೆಯಾಗಿ ನಿಲ್ಲಿಸಿದ ಮೇಲೆ ಸರಿಹೋಯಿತು. ಇವತ್ತು ನಾನು ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿದ್ದೇನೆ. ಆ ಅಂಗಳದಲ್ಲಿ ಕಲಿತದ್ದನ್ನೇ ದಿನಾ ಮಾಡುತ್ತಿದ್ದೇನೆ.

ಈಗ ಐದು ವರ್ಷದ ಅನುದಾನದ ಅವಧಿ ಮುಗಿದಿದೆ. ಪಿಎಲ್‌ಎ ತಂತಿ ತರಬೇಕು, ಸೋಲ್ಡರಿಂಗ್ ಐರನ್‌ಗಳು ಸುಟ್ಟಿವೆ, ಯುಪಿಎಸ್ ಬ್ಯಾಟರಿ ಬದಲಾಗಬೇಕು. ನಮ್ಮ ಬ್ಯಾಚಿನವರು ಈ ವರ್ಷದ ಇಂಟರ್ನೆಟ್ ಬಿಲ್ಲು ಕಟ್ಟುತ್ತಿದ್ದೇವೆ. ಉಳಿದದ್ದಕ್ಕೆ ಕೈ ಜೋಡಿಸುವವರು ಶಾಲೆಯ ಆಫೀಸಿಗೆ ಹೇಳಿ. ದುಡ್ಡು ಆಗದಿದ್ದರೆ ಶನಿವಾರ ಬಂದು ಮಕ್ಕಳ ಜೊತೆ ಕೂರಬಹುದು. ಅದೂ ಬೇಕಾಗಿದೆ.