ಶಿವಸುಮನದ ಕುಂಡಕ್ಕೆ ಲೇಬಲ್ ಏಕೆ ಬೇಕು

ಅಪರೂಪದ ಸಸ್ಯಗಳನ್ನು ಬೆಳೆಸುವ ನರ್ಸರಿಯಲ್ಲಿ ನನ್ನ ಪಾಲಿಗೆ ಬಂದಿರುವ ಕೆಲಸಗಳಲ್ಲಿ ಶಿವಸುಮನದ ಆರೈಕೆಯೂ ಒಂದು. ಸಸ್ಯಶಾಸ್ತ್ರಜ್ಞರಿಗೆ ಫ್ರೆರಿಯಾ ಇಂಡಿಕಾ ಎಂದು ಪರಿಚಿತವಾದ ಈ ಗಿಡ ಮಹಾರಾಷ್ಟ್ರದ ಸಹ್ಯಾದ್ರಿಯನ್ನು ಬಿಟ್ಟರೆ ಬೇರೆಲ್ಲಿಯೂ ತಾನಾಗಿ ಬೆಳೆಯುವುದಿಲ್ಲ. ಜುನ್ನರ್ ಬಳಿಯ ಶಿವನೇರಿ, ಪುಣೆ ಸಮೀಪದ ಪುರಂದರ ಮುಂತಾದೆಡೆ ಕಡಿದಾದ ಬಂಡೆಗಳ ಬಿರುಕುಗಳಲ್ಲಿ ಅದು ಬೇರೂರಿರುತ್ತದೆ. ಇದನ್ನು ಮೊದಲು ವರ್ಣಿಸಿದ ಡಾಲ್ಜೆಲ್, 1862ರಿಂದ 1867ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಬಾರ್ಟಲ್ ಫ್ರೆರ್ ಅವರ ಹೆಸರನ್ನು ಇದಕ್ಕಿಟ್ಟರು.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಬೇಸಿಗೆಯ ವಿಷಯ. ಮಳೆಗಾಲದಲ್ಲಿ ಹಸಿರೆಲೆಗಳಿಂದ ತುಂಬಿದ್ದ ಗಿಡ ಒಣಹವೆ ಬರುತ್ತಲೇ ಎಲೆಗಳನ್ನೆಲ್ಲ ಉದುರಿಸಿ, ಬರಿಯ ರಸಭರಿತ ಕಾಂಡವಾಗಿ ಉಳಿಯುತ್ತದೆ. ಸತ್ತೇಹೋಯಿತೆಂದು ಕನಿಕರಪಟ್ಟು ನೀರು ಸುರಿದರೆ ಕಾಂಡ ಬುಡದಿಂದಲೇ ಕೊಳೆಯುತ್ತದೆ.

ಗಿಡವನ್ನು ಹೆಚ್ಚಿಸುವುದೇನೂ ಕಷ್ಟವಲ್ಲ. ಕಾಂಡವನ್ನು ತುಂಡರಿಸಿ, ಕತ್ತರಿಸಿದ ಭಾಗ ಒಣಗುವವರೆಗೆ ನೆರಳಿನಲ್ಲಿಟ್ಟು, ನೀರು ನಿಲ್ಲದ ಮರಳುಮಿಶ್ರಿತ ಮಣ್ಣಿನಲ್ಲಿ ನೆಟ್ಟರೆ ಬೇರು ಬಿಡುತ್ತದೆ. ಆದರೆ ಈ ಸುಲಭ ವಿಧಾನದಲ್ಲಿಯೇ ತೊಡಕೂ ಇದೆ: ಒಂದೇ ತಾಯಿಗಿಡದಿಂದ ನೂರು ಕುಂಡ ತುಂಬಿಸಿದರೂ, ವಂಶವಾಹಿಗಳ ಲೆಕ್ಕದಲ್ಲಿ ನಮ್ಮ ಬಳಿ ಇರುವುದು ಒಂದೇ ಗಿಡ. ವರದಿಯಲ್ಲಿ ನೂರೆಂಬ ಅಂಕಿ ಚೆನ್ನಾಗಿ ಕಾಣುತ್ತದೆ, ನಿಜ. ಒಂದೇ ರೋಗ ತಗುಲಿದರೆ ಆ ನೂರೂ ಒಟ್ಟಿಗೇ ಸೊರಗಬಹುದು.

ಬೀಜದಿಂದ ಬೆಳೆಸಿದರೆ ಈ ತೊಂದರೆ ತಗ್ಗುತ್ತದೆ, ಆದರೆ ಕಾಯಿ ಕಚ್ಚಿಸುವುದು ತಾಳ್ಮೆಯ ಕೆಲಸ. ಸುಮಾರು ಎರಡು ಸೆಂಟಿಮೀಟರ್ ಅಗಲದ, ಹಳದಿ ಗುರುತುಗಳುಳ್ಳ ಕಂದುಗೆಂಪು ನಕ್ಷತ್ರದಂತಹ ಹೂವಿನಲ್ಲಿ ಪರಾಗವು ಪುಡಿಯಾಗಿ ಉದುರುವುದಿಲ್ಲ. ಮೇಣದಂಥ ಪುಟ್ಟ ಗಂಟುಗಳಾಗಿ ಜೋಡಿಯಾಗಿರುತ್ತದೆ. ಬೆಟ್ಟದಲ್ಲಿ ಅದನ್ನು ಹೊತ್ತೊಯ್ಯುವ ಕೆಲಸ ನೊಣಗಳದ್ದು. ನರ್ಸರಿಯಲ್ಲಿ ನಾವು ಭೂತಗನ್ನಡಿಯಡಿ ಸೂಜಿಯ ಮೊನೆಯಿಂದ ಅದನ್ನೆತ್ತಿ ಇನ್ನೊಂದು ಹೂವಿನ ಕಿರಿದಾದ ಸೀಳಿನೊಳಗೆ ಕೂರಿಸಬೇಕು. ಆ ಇನ್ನೊಂದು ಹೂವು ಬೇರೆ ತಾಯಿಯ ಗಿಡದ್ದೇ ಎಂಬುದು ಖಚಿತವಾಗದಿದ್ದರೆ ಈ ಶ್ರಮಕ್ಕೆ ಅರ್ಥವೇ ಇರುವುದಿಲ್ಲ.

ಆದ್ದರಿಂದ ತಾಯಿಗಿಡದ ಸಂಖ್ಯೆ, ಅದನ್ನು ತಂದ ಬಂಡೆಯ ಸ್ಥಳ, ತುಂಡರಿಸಿದ ದಿನಾಂಕ, ಈ ಮೂರನ್ನೂ ಪ್ರತಿ ಕುಂಡದ ಲೇಬಲ್ಲಿನ ಮೇಲೂ ದಾಖಲೆ ಪುಸ್ತಕದಲ್ಲಿಯೂ ಬರೆಯಿಸುತ್ತೇನೆ. ಬಿಸಿಲಿಗೆ ಶಾಯಿ ಮಾಸುವುದರಿಂದ ಸೀಸದಕಡ್ಡಿಯೇ ವಾಸಿ. ಮೂಲ ತಿಳಿಯದ ಕುಂಡದಲ್ಲಿ ಹೂವು ಎಷ್ಟೇ ಸೊಂಪಾಗಿ ಅರಳಿದರೂ ಅದನ್ನು ಪ್ರದರ್ಶನಕ್ಕೆ ಇಡುತ್ತೇವೆಯೇ ಹೊರತು, ಬೆಟ್ಟದಲ್ಲಿ ಮರಳಿ ನೆಡುವ ಗಿಡಗಳ ಸಾಲಿಗೆ ಸೇರಿಸುವುದಿಲ್ಲ.